1933ರ ಸಣ್ಣ ಬಜೆಟ್ ವೆಸ್ಟರ್ನ್ 'ರೈಡರ್ಸ್ ಆಫ್ ಡೆಸ್ಟಿನಿ': ಹಾಡುವಾಗ ಜಾನ್ ವೇಯ್ನ್ ದನಿ ಯಾಕೆ ಬದಲಾಗುತ್ತೆ?

ಭಾನುವಾರದ ಪ್ರೇಕ್ಷಕ:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಪ್ಪನ ಜೊತೆ ಕೂತು 'ರೈಡರ್ಸ್ ಆಫ್ ಡೆಸ್ಟಿನಿ' ನೋಡಿದೆ. 1933ರ ಅಮೆರಿಕದ ವೆಸ್ಟರ್ನ್, ಅಂದ್ರೆ ಕೌಬಾಯ್ ಚಿತ್ರ, ಒಂದು ಗಂಟೆಗೂ ಕಡಿಮೆ. ಅಪ್ಪನಿಗೆ ಕುದುರೆ ಮೇಲಿನ ಪಿಚ್ಚರ್ ಅಂದ್ರೆ ಚಿಕ್ಕಂದಿನಿಂದ ಪ್ರಾಣ, ಹಾಗಾಗಿ ಹುಡುಕಿ ಹಾಕಿದೆ.

ಚಿತ್ರ ಶುರುವಾದ ಕೂಡಲೇ ಹೀರೋ ಜಾನ್ ವೇಯ್ನ್ ಬಿಳಿ ಕುದುರೆ ಮೇಲೆ ಗಿಟಾರ್ ಹಿಡಿದುಕೊಂಡು ಹಾಡುತ್ತಾ ಬರುತ್ತಾನೆ. ಪಾತ್ರದ ಹೆಸರೇ ಸಿಂಗಿಂಗ್ ಸ್ಯಾಂಡಿ, ಅಂದ್ರೆ ಹಾಡುವ ಸ್ಯಾಂಡಿ. ಆದರೆ ಆ ದನಿ ಅವನದ್ದಲ್ಲ ಅಂತ ಎರಡನೇ ಸಾಲಿಗೇ ಗೊತ್ತಾಗುತ್ತೆ. ಮಾತಾಡುವಾಗ ಹಗುರವಾದ, ಇನ್ನೂ ಹುಡುಗನ ಥರದ ದನಿ. ಹಾಡುವಾಗ ಬಾವಿಯೊಳಗಿಂದ ಬಂದ ಹಾಗೆ ತುಂಬಾ ತಗ್ಗಿನ, ಭಾರವಾದ ದನಿ. ಹಾಡಿದ್ದು ಯಾರು? ಅವತ್ತೇ ಹಿನ್ನೆಲೆ ಗಾಯನ ಇತ್ತಾ?

ಇನ್ನೊಂದು ವಿಷಯ. ಚಿತ್ರದಲ್ಲಿ ಹಿನ್ನೆಲೆ ಸಂಗೀತ ಅನ್ನೋದೇ ಇಲ್ಲ. ಹೆಸರುಗಳು ಬರುವಾಗ ಸ್ವಲ್ಪ ವಾದ್ಯ ಕೇಳುತ್ತೆ, ಆಮೇಲೆ ಬರೀ ಗೊರಸಿನ ಸದ್ದು, ಬಂದೂಕಿನ ಸದ್ದು, ಬಾಗಿಲ ಸದ್ದು. ನಾಲ್ಕೈದು ಜನ ಕುದುರೆ ಓಡಿಸಿಕೊಂಡು ಬೆನ್ನಟ್ಟುವ ಜಾಗದಲ್ಲಿ ಅಪ್ಪ ರಿಮೋಟ್ ತಗೊಂಡು "ಸೌಂಡ್ ಹೋಯ್ತೇನೋ, ನೋಡು" ಅಂದ್ರು. ಬೇಕು ಅಂತಲೇ ಹಾಗೆ ಮಾಡಿದ್ದಾ, ಅಥವಾ ನಮಗೆ ಸಿಕ್ಕ ಪ್ರಿಂಟ್ ಹಾಳಾಗಿತ್ತಾ?

ಇಷ್ಟೆಲ್ಲ ಕೇಳುತ್ತಿದ್ದೀನಿ ಅಂದ್ರೆ ಚಿತ್ರ ಇಷ್ಟ ಆಗಲಿಲ್ಲ ಅಂತಲ್ಲ. ಬಹಳ ಇಷ್ಟ ಆಯ್ತು. ಊರಿನ ನೀರನ್ನೆಲ್ಲ ಒಬ್ಬನೇ ಹಿಡಿದಿಟ್ಟುಕೊಂಡು ರೈತರ ಜಮೀನು ಕಾಸಿಗೆ ಕೊಳ್ಳಲು ನೋಡುವ ಕಿನ್‌ಕೇಡ್, ಅವನಿಗೆ ಬಗ್ಗದ ಒಂದೇ ಒಂದು ಬಾವಿ ಇರುವ ಡೆಂಟನ್ ಮನೆ. ಕಥೆ ಅಷ್ಟೇ. ಅಪ್ಪ ಕೊನೆಯವರೆಗೂ ಎದ್ದೇಳಲಿಲ್ಲ. ಇದೇ ಥರದ್ದು ಇನ್ನಷ್ಟು ಇದ್ದರೆ ಹೇಳಿ, ಮುಂದಿನ ಭಾನುವಾರಕ್ಕೆ ಬೇಕು.

ಹಳೇ ರೀಲು:

ಒಳ್ಳೇ ಪ್ರಶ್ನೆ. ನಿಮ್ಮ ಕಿವಿ ಸರಿಯಾಗೇ ಇದೆ, ಅದು ವೇಯ್ನ್ ದನಿ ಅಲ್ಲ.

ಬಹಳ ಕಡೆ ಸ್ಮಿತ್ ಬಾಲ್ಯೂ ಅನ್ನುವ ಗಾಯಕನ ಹೆಸರು ಬರೆದಿರುತ್ತಾರೆ. ಆದರೆ ಈ ಚಿತ್ರಗಳ ಹಿಂದೆ ಬಿದ್ದವರು ಹೆಚ್ಚಾಗಿ ಹೇಳುವ ಹೆಸರು ಬಿಲ್ ಬ್ರಾಡ್‌ಬರಿ. ಚಿತ್ರದ ನಿರ್ದೇಶಕ ರಾಬರ್ಟ್ ಬ್ರಾಡ್‌ಬರಿ ಅವರ ಮಗ. ಈ ಬಿಲ್‌ನ ಅವಳಿ ಸಹೋದರ ಬಾಬ್, ಬಾಬ್ ಸ್ಟೀಲ್ ಅನ್ನುವ ಹೆಸರಿನಲ್ಲಿ ತಾನೂ ವೆಸ್ಟರ್ನ್ ಹೀರೋ ಆದವನು. ಬಾಬ್ ಮತ್ತು ವೇಯ್ನ್ ಗ್ಲೆಂಡೇಲ್‌ನ ಒಂದೇ ಹೈಸ್ಕೂಲಿಗೆ ಹೋದವರು. ಅಂದ್ರೆ ಶಾಲೆಯ ಗೆಳೆಯನ ಅವಳಿ ಹಾಡಿದ್ದಕ್ಕೆ ವೇಯ್ನ್ ತುಟಿ ಆಡಿಸಿದ್ದು. ಗಾಯಕ ಮನೆಯಲ್ಲೇ ಇದ್ದಾಗ ಹೊರಗಿಂದ ಯಾಕೆ ಕರೆಸಬೇಕು ಅಲ್ವಾ, ಅದೂ ಕೈಯಲ್ಲಿ ದುಡ್ಡಿಲ್ಲದ ಕಂಪನಿ.

ವೇಯ್ನ್ ಆ ಹೊತ್ತಿಗೆ ಎಲ್ಲಿದ್ದರು ಅನ್ನೋದು ಗೊತ್ತಾದರೆ ಚಿತ್ರವನ್ನು ನೋಡುವ ರೀತಿಯೇ ಬೇರೆಯಾಗುತ್ತೆ. 1930ರಲ್ಲಿ ಫಾಕ್ಸ್ ಕಂಪನಿ 'ದ ಬಿಗ್ ಟ್ರೇಲ್' ಅನ್ನುವ ಭಾರೀ ಚಿತ್ರಕ್ಕೆ ಈ ಹುಡುಗನನ್ನು ಹೀರೋ ಮಾಡಿತು. ಜಾನ್ ವೇಯ್ನ್ ಅನ್ನುವ ಹೆಸರೂ ಆಗ ಬಂದಿದ್ದೇ. ನಿಜವಾದ ಹೆಸರು ಮೇರಿಯನ್ ಮಾರಿಸನ್. ಆ ಚಿತ್ರವನ್ನು 70 ಮಿ.ಮೀ. ಅಗಲದ ಫಿಲ್ಮಿನಲ್ಲೂ ತೆಗೆದಿದ್ದರು. ಆದರೆ ಥಿಯೇಟರಿನವರು ಆಗಷ್ಟೇ ಮಾತಿನ ಚಿತ್ರಕ್ಕೆ ಬೇಕಾದ ಸಾಮಾನಿಗೆ ದುಡ್ಡು ಸುರಿದಿದ್ದರು, ಮೇಲಿಂದ ಆರ್ಥಿಕ ಕುಸಿತ. ಅಗಲ ಪರದೆಗೆ ಇನ್ನೊಂದು ಪ್ರೊಜೆಕ್ಟರ್ ಕೊಳ್ಳುವವರು ಯಾರು? ಚಿತ್ರ ಬಿತ್ತು. ಜೊತೆಗೆ ಹುಡುಗನೂ ಬಿದ್ದ. ಆಮೇಲೆ ಮ್ಯಾಸ್ಕಟ್ ಕಂಪನಿಯ ಧಾರಾವಾಹಿ ಚಿತ್ರಗಳು, ವಾರ್ನರ್‌ನವರ ಆರು ಸಣ್ಣ ವೆಸ್ಟರ್ನ್‌ಗಳು. ಆ ಆರರಲ್ಲಿ ಕೆನ್ ಮೇನಾರ್ಡ್ ಅವರ ಹಳೇ ಮೂಕಿ ಚಿತ್ರಗಳ ದೃಶ್ಯಗಳನ್ನೇ ಕತ್ತರಿಸಿ ಸೇರಿಸಿದ್ದರು, ದೂರದಿಂದ ನೋಡಿದರೆ ವ್ಯತ್ಯಾಸ ಕಾಣದಿರಲಿ ಅಂತ ವೇಯ್ನ್‌ಗೂ ಅದೇ ಥರದ ಬಟ್ಟೆ ಹಾಕಿಸಿದರು.

ಅಲ್ಲಿಂದ ಲೋನ್ ಸ್ಟಾರ್ ಅನ್ನುವ ಸಣ್ಣ ಕಂಪನಿ. ಪಾಲ್ ಮಾಲ್ವರ್ನ್ ನಿರ್ಮಾಪಕರು, ಥಿಯೇಟರುಗಳಿಗೆ ಹಂಚಿದ್ದು ಮೊನೊಗ್ರಾಮ್ ಕಂಪನಿ. 1933ರಿಂದ 1935ರೊಳಗೆ 16 ಚಿತ್ರ. ನೀವು ನೋಡಿದ್ದೇ ಮೊದಲನೆಯದು, 1933ರ ಅಕ್ಟೋಬರ್‌ನಲ್ಲಿ ಬಂದದ್ದು.

ಹಾಡುವ ಹೀರೋ ಅನ್ನೋದು ಆಗ ಇನ್ನೂ ಹೊಸದು. ಮಾತು ಬಂದ ಮೇಲೆ ಹಾಡೂ ಬರಲಿ ಅಂತ ಪ್ರಯತ್ನ ನಡೀತಾ ಇತ್ತು, ಕೆನ್ ಮೇನಾರ್ಡ್ ತಮ್ಮದೇ ದನಿಯಲ್ಲಿ ಹಾಡಿಯೂ ಇದ್ದರು. ವೇಯ್ನ್‌ಗೆ ಮಾತ್ರ ಇದು ಒಗ್ಗಲಿಲ್ಲ. ಎಲ್ಲಾದರೂ ಜನರೆದುರು ಹೋದರೆ ಹಾಡಿ ಅಂತ ಕೇಳುತ್ತಿದ್ದರಂತೆ, ಅವರಿಗೆ ಅದು ದೊಡ್ಡ ಮುಜುಗರ. ಮುಂದೆ ಜೀನ್ ಆಟ್ರಿ ಬಂದರು, ಅವರು ರೇಡಿಯೋದಲ್ಲಿ ಮೊದಲೇ ಹೆಸರಾಗಿದ್ದ ನಿಜವಾದ ಗಾಯಕ. 1935ರ ಹೊತ್ತಿಗೆ ಹಾಡುವ ಕೌಬಾಯ್ ಅಂದ್ರೆ ಅವರೇ ಅನ್ನುವ ಹಾಗಾಯ್ತು.

ಆದರೂ ಒಂದು ದೃಶ್ಯ ಮಾತ್ರ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಬೀದಿಯ ನಡುವೆ ಸ್ಲಿಪ್ ಮಾರ್ಗನ್ ಅನ್ನುವ ಗುರಿಕಾರನ ಎದುರು ಸ್ಯಾಂಡಿ ನಡೆದು ಬರುತ್ತಾನೆ, ಬಾಯಲ್ಲಿ ಹಾಡು, ಇವತ್ತು ರಾತ್ರಿ ಸತ್ತವರ ಜೊತೆ ಕೂತು ಕುಡೀತೀಯ ಅನ್ನುವ ಅರ್ಥದ್ದು. ಎದುರಿಗಿದ್ದವನ ಮುಖ ಆ ಹಾಡು ಕೇಳ್ತಾ ಕೇಳ್ತಾ ಬಾಡಿ ಹೋಗುತ್ತೆ. ಕೊಲ್ಲುವುದಿಲ್ಲ, ಮಣಿಕಟ್ಟಿಗೆ ಹೊಡೀತಾನೆ, ಇನ್ನು ಮುಂದೆ ಬಂದೂಕು ಎತ್ತದ ಹಾಗೆ. ದನಿ ಬೇರೆಯವರದ್ದು ಅಂತ ಗೊತ್ತಿದ್ದೂ ನನಗೆ ಪ್ರತಿಸಲ ಮೈ ಜುಂ ಅನ್ನುತ್ತೆ. ನಡಿಗೆ ಮಾತ್ರ ಪೂರ್ತಿ ವೇಯ್ನ್‌ದೇ ನೋಡಿ.

ಮೈಕ್ ಹಿಡಿದವ:

ಸಂಗೀತದ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಬೆಂಗಳೂರಿನಲ್ಲಿ ಹತ್ತಾರು ವರ್ಷ ಸೌಂಡ್ ವಿಭಾಗದಲ್ಲಿ ಕೆಲಸ ಮಾಡಿದ್ದೀನಿ. ಹೊರಾಂಗಣದಲ್ಲಿ ಮೈಕ್ ಹಿಡಿದು ಗಾಳಿ ಜೊತೆ ಗುದ್ದಾಡಿದವರಿಗೆ ಈ ಚಿತ್ರಗಳನ್ನು ಕೇಳಿದರೆ ಗೌರವ ಹುಟ್ಟುತ್ತೆ.

ನಿಮ್ಮ ಪ್ರಿಂಟ್ ಹಾಳಾಗಿಲ್ಲ. ಮೂಲದಲ್ಲೇ ಸಂಗೀತ ಇಲ್ಲ.

ಮಾತಿನ ಚಿತ್ರ ಶುರುವಾದಾಗ ಕ್ಯಾಮೆರಾ ಸದ್ದೇ ದೊಡ್ಡ ತಲೆನೋವು. ಅದು ಕರಕರ ಅನ್ನುತ್ತಿತ್ತು, ಮೈಕ್ ಅದನ್ನೂ ಹಿಡಿಯುತ್ತಿತ್ತು. ಅದಕ್ಕೆ ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಸದ್ದು ಹೊರಗೆ ಬಾರದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಗಾಜಿನ ಮೂಲಕ ತೆಗೆಯುತ್ತಿದ್ದರು. ಹೀಗಿರುವಾಗ ಕುದುರೆ ಹಿಂದೆ ಹೋಗೋದು ಹೇಗೆ? ವೆಸ್ಟರ್ನ್ ಸತ್ತೇ ಹೋಯ್ತು ಅಂದುಕೊಂಡವರು ಬಹಳ ಜನ. 1929ರ ಆರಂಭದಲ್ಲಿ ಫಾಕ್ಸ್‌ನ 'ಇನ್ ಓಲ್ಡ್ ಆರಿಜೋನಾ' ಬಂದು ಆ ಹೆದರಿಕೆ ಬಿಡಿಸಿತು. ಬಯಲಿನಲ್ಲೇ ಮಾತು ಹಿಡಿದರು, ಬಾಣಲೆಯಲ್ಲಿ ಮಾಂಸ ಚುರುಗುಟ್ಟುವ ಸದ್ದಿಗೂ ಜನ ಬೆರಗಾದರು. ಅದರಲ್ಲಿ ನಟಿಸಿದ ವಾರ್ನರ್ ಬ್ಯಾಕ್ಸ್‌ಟರ್‌ಗೆ ಆಸ್ಕರ್ ಬಂತು. ಅದಕ್ಕೆ ಬಳಸಿದ್ದು ಫಿಲ್ಮಿನ ಅಂಚಿನಲ್ಲೇ ಸದ್ದನ್ನು ಬೆಳಕಿನ ಗೆರೆಯಾಗಿ ಅಚ್ಚು ಹಾಕುವ ವಿಧಾನ. ಇನ್ನೊಂದು ವಿಧಾನದಲ್ಲಿ ಸದ್ದು ಬೇರೆ ತಟ್ಟೆಯಲ್ಲಿ ಇರುತ್ತಿತ್ತು, ಫಿಲ್ಮ್ ಒಂದು ಕಡೆ ಹರಿದರೆ ತುಟಿಗೂ ಮಾತಿಗೂ ತಾಳೆಯೇ ತಪ್ಪುತ್ತಿತ್ತು.

1933ಕ್ಕೆ ಬನ್ನಿ. ಅಷ್ಟರಲ್ಲಿ ಸಂಗೀತ, ಮಾತು, ಸದ್ದು ಮೂರನ್ನೂ ಬೇರೆ ಬೇರೆ ಹಿಡಿದು ಆಮೇಲೆ ಬೆರೆಸೋದು ಸಾಧ್ಯವಾಗಿತ್ತು. ಅದೇ ವರ್ಷ ಬಂದ 'ಕಿಂಗ್ ಕಾಂಗ್'ನಲ್ಲಿ ಮ್ಯಾಕ್ಸ್ ಸ್ಟೈನರ್ ಚಿತ್ರದ ಬಹುಭಾಗಕ್ಕೆ ವಾದ್ಯ ಸಂಗೀತ ಕೊಟ್ಟಿದ್ದಾರೆ. ಅಂದ್ರೆ ಬರುತ್ತಿರಲಿಲ್ಲ ಅಂತಲ್ಲ, ದುಡ್ಡಿರಲಿಲ್ಲ. ಲೋನ್ ಸ್ಟಾರ್ ಚಿತ್ರ ಒಂದಕ್ಕೆ ಖರ್ಚು ಹತ್ತು ಹದಿನೈದು ಸಾವಿರ ಡಾಲರ್ ಆಸುಪಾಸು, ಚಿತ್ರೀಕರಣ ಒಂದು ವಾರದೊಳಗೆ. ವಾದ್ಯದವರನ್ನು ಕರೆಸಿ, ಸ್ಟುಡಿಯೋ ಹಿಡಿದು, ಮತ್ತೆ ಬೆರೆಸುವ ಹೊತ್ತಿಗೆ ಇನ್ನೊಂದು ಚಿತ್ರವೇ ಮುಗೀತಿತ್ತು.

ಖರ್ಚು ಯಾಕೆ ಅಷ್ಟು ಬಿಗಿ ಅಂದ್ರೆ, ಆ ಕಾಲದಲ್ಲಿ ಥಿಯೇಟರಿನವರು ಒಂದು ಟಿಕೆಟ್ಟಿಗೆ ಎರಡು ಚಿತ್ರ ತೋರಿಸುತ್ತಿದ್ದರು. ದೊಡ್ಡ ಚಿತ್ರಕ್ಕೆ ಗಳಿಕೆಯಲ್ಲಿ ಪಾಲು. ಜೊತೆಗಿನ ಸಣ್ಣ ಚಿತ್ರಕ್ಕೆ ಇಂತಿಷ್ಟು ಅಂತ ಮೊದಲೇ ಮಾತಾದ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಚೆನ್ನಾಗಿ ಓಡಿದರೂ ಸಣ್ಣ ನಿರ್ಮಾಪಕನಿಗೆ ಬರೋದು ಅಷ್ಟೇ. ಎಷ್ಟು ಬರುತ್ತೆ ಅಂತ ಗೊತ್ತಿರುವಾಗ, ಉಳಿಸೋದು ಒಂದೇ ಲಾಭದ ದಾರಿ.

ಅದೇ ದಾರಿಯಲ್ಲಿ ಬಂದದ್ದು ಈ ಮೌನ. ನನಗಂತೂ ಈ ಮೌನ ಬಹಳ ಪ್ರಿಯ. ಗೊರಸಿನ ಸದ್ದು ಒಂದೇ ಕೇಳುವಾಗ ಬಯಲು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಈಗ ಒಬ್ಬ ಹೀರೋ ಕುದುರೆ ಹತ್ತಿದರೆ ಮೂವತ್ತು ಪಿಟೀಲು ಶುರುವಾಗುತ್ತವೆ, ಅವನು ಎಲ್ಲಿದ್ದಾನೆ ಅನ್ನೋದು ಕಿವಿಗೆ ತಿಳಿಯೋದೇ ಇಲ್ಲ.

ಇನ್ನೊಂದು ಮಾತು, ವಿಷಯ ಸ್ವಲ್ಪ ಆಚೆಯದು. ಈ ಚಿತ್ರ ಬಂದ ಐದು ತಿಂಗಳಿಗೆ, 1934ರ ಮಾರ್ಚ್‌ನಲ್ಲಿ, ನಮ್ಮ ಮೊದಲ ಕನ್ನಡ ಮಾತಿನ ಚಿತ್ರ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ಬಿಡುಗಡೆಯಾಯ್ತು. ಅದರ ಪ್ರಿಂಟ್ ಇವತ್ತು ಇಲ್ಲ. ಈ ಅಗ್ಗದ ವೆಸ್ಟರ್ನ್ ಮಾತ್ರ ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು ಅವರ ಆಗಿನ ದನಿಯನ್ನು ಒಂದು ನಿಮಿಷ ಕೇಳಲು ನಾನು ಏನು ಬೇಕಾದರೂ ಕೊಟ್ಟೇನು.

ಭಾನುವಾರದ ಪ್ರೇಕ್ಷಕ:

ಇಬ್ಬರಿಗೂ ಬಹಳ ಥ್ಯಾಂಕ್ಸ್. ಮೈಕ್ ಸರ್, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಬಾಡಿಗೆಯ ಲೆಕ್ಕ ಕೇಳಿ ಅವರು "ಹಂಗಾದ್ರೆ ಆ ಹುಡುಗ್ರು ಜೀವ ಪಣಕ್ಕಿಟ್ಟು ಬಿದ್ದಿದ್ದಕ್ಕೆ ಏನು ಸಿಕ್ತು" ಅಂತ ಕೇಳಿದರು. ಕುದುರೆ ಮೇಲಿಂದ ಬೀಳೋದು, ಓಡುವ ಬಂಡಿಯಿಂದ ಹಾರೋದು ಎಲ್ಲ ನಿಜವಾಗೇ ಮಾಡಿದ್ದಲ್ವಾ? ಆಗ ಕಂಪ್ಯೂಟರ್ ಎಲ್ಲಿತ್ತು. ಯಾರು ಅವರೆಲ್ಲ?

ಧೂಳೆಬ್ಬಿಸು:

ನಿಮ್ಮ ಅಪ್ಪ ಕೇಳಿದ ಪ್ರಶ್ನೆಗಾಗಿ ನಾನು ಖಾತೆ ತೆರೆದು ಬರೀತಾ ಇದ್ದೀನಿ.

ಆ ಬೀಳುವ ಹುಡುಗರಲ್ಲಿ ಮುಖ್ಯ ಯಾಕಿಮಾ ಕನಟ್. ಈ ಚಿತ್ರದಲ್ಲಿ ಅವರು ಕಿನ್‌ಕೇಡ್‌ನ ಕಡೆಯವರಲ್ಲಿ ಒಬ್ಬರಾಗಿಯೂ ಇದ್ದಾರೆ, ಸಾಹಸವನ್ನೂ ಮಾಡಿದ್ದಾರೆ. ಹೀಗೇ ಎಷ್ಟೋ ಲೋನ್ ಸ್ಟಾರ್ ಚಿತ್ರಗಳಲ್ಲಿ ವೇಯ್ನ್ ಬದಲು ಬಿದ್ದವರೂ ಅವರೇ, ವೇಯ್ನ್ ಕೈಲಿ ಒದೆ ತಿಂದವರೂ ಅವರೇ. ಮೊದಲು ರೋಡಿಯೋ ಚಾಂಪಿಯನ್, ಅಂದ್ರೆ ಪಳಗದ ಕುದುರೆ ಮೇಲೆ ಕೂರುವ ಸ್ಪರ್ಧೆಗಳಲ್ಲಿ ಗೆದ್ದವರು. ಮೂಕಿ ಚಿತ್ರಗಳಲ್ಲಿ ಹೀರೋ ಆಗಿದ್ದರು ಕೂಡ. ನೌಕಾಪಡೆಯಲ್ಲಿದ್ದಾಗ ಜ್ವರ ಬಂದು ಗಂಟಲು ಕೆಟ್ಟಿತ್ತು. ಮಾತಿಲ್ಲದ ಚಿತ್ರಕ್ಕೆ ಅದರಿಂದ ತೊಂದರೆ ಇರಲಿಲ್ಲ, ಮೈಕ್ ಬಂದ ಮೇಲೆ ಆ ದನಿ ನಡೆಯಲಿಲ್ಲ. ಹೀರೋ ಪಾತ್ರ ಹೋಯ್ತು, ಬೀಳುವ ಕೆಲಸ ಉಳೀತು. ಒಂದೇ ಚಿತ್ರದಲ್ಲಿ ಒಬ್ಬರಿಗೆ ಹಾಡುವ ದನಿ ಎರವಲು ಸಿಕ್ತು, ಇನ್ನೊಬ್ಬರು ದನಿ ಇಲ್ಲದೆ ಹಿಂದೆ ಸರಿದಿದ್ದರು. ನನಗೆ ಈ ಚಿತ್ರ ನೋಡುವಾಗೆಲ್ಲ ಇದೇ ತಲೆಯಲ್ಲಿ ಓಡುತ್ತೆ.

ಫೈಟ್ ವಿಷಯ. ಈ ಚಿತ್ರಗಳಿಗೂ ಮೊದಲು ಪರದೆ ಮೇಲೆ ಹೊಡೆದಾಟ ಅಂದ್ರೆ ಒಬ್ಬರ ಭುಜಕ್ಕೆ, ತೋಳಿಗೆ ಒಬ್ಬರು ನಿಜವಾಗೇ ಗುದ್ದಿಕೊಳ್ಳುತ್ತಿದ್ದರು. ನೋವೂ ಆಗುತ್ತಿತ್ತು, ನೋಡೋಕೂ ಚೆನ್ನಾಗಿರುತ್ತಿರಲಿಲ್ಲ. ಕನಟ್ ಮತ್ತು ವೇಯ್ನ್, ಬ್ರಾಡ್‌ಬರಿ ಜೊತೆ ಸೇರಿ, ಬೇರೆ ದಾರಿ ಕಂಡುಕೊಂಡರು. ಕ್ಯಾಮೆರಾವನ್ನು ಒಬ್ಬನ ಬೆನ್ನ ಹಿಂದೆ ಇಟ್ಟು, ಮುಷ್ಟಿ ಎದುರಿನವನ ಗಲ್ಲದ ಮುಂದೆ ಗಾಳಿಯಲ್ಲಿ ಹಾದು ಹೋಗುವ ಹಾಗೆ ಬೀಸೋದು, ಎದುರಿಗಿರುವವನು ಸರಿಯಾದ ಕ್ಷಣಕ್ಕೆ ತಲೆ ಹಿಂದಕ್ಕೆ ಎಸೆಯೋದು. ಏಟಿನ ಸದ್ದನ್ನು ಬೇರೆಯಾಗಿ ಸೇರಿಸೋದು. ಇವತ್ತಿಗೂ ಎಲ್ಲ ಊರಿನ ಸಿನಿಮಾ ಫೈಟುಗಳೂ ಇದರ ಮೇಲೇ ನಿಂತಿವೆ. ದುಡ್ಡಿಲ್ಲದ ಕಂಪನಿಯಲ್ಲಿ ಹೀರೋ ಮೂಗು ಮುರಿದುಕೊಂಡು ಎರಡು ದಿನ ಮಲಗಿದರೆ ಚಿತ್ರವೇ ನಿಲ್ಲುತ್ತೆ ಅನ್ನೋದನ್ನೂ ನೆನಪಿಡಿ.

ಇದೇ ಕನಟ್ 1939ರ 'ಸ್ಟೇಜ್‌ಕೋಚ್'ನಲ್ಲಿ ಓಡುವ ಕುದುರೆಗಳ ನಡುವೆ ಬಿದ್ದು, ಇಡೀ ಬಂಡಿ ಮೈಮೇಲೆ ಹಾದು ಹೋಗುವ ಹಾಗೆ ಮಾಡಿದವರು. ವೇಯ್ನ್ ಒಂಬತ್ತು ವರ್ಷದ ಮೇಲೆ ಮತ್ತೆ ದೊಡ್ಡ ಚಿತ್ರದ ಹೀರೋ ಆದದ್ದೂ ಅದರಲ್ಲೇ. 'ಬೆನ್-ಹರ್' ರಥದ ಓಟವನ್ನು ನಡೆಸಿದವರೂ ಕನಟ್. ಕೊನೆಗೆ 1967ರಲ್ಲಿ ಗೌರವ ಆಸ್ಕರ್ ಕೊಟ್ಟರು. ಕ್ಯಾಮೆರಾ ಹಿಡಿದ ಆರ್ಚಿ ಸ್ಟೌಟ್ ಅವರಿಗೂ ಮುಂದೆ ಆಸ್ಕರ್ ಬಂತು, 1952ರ 'ದ ಕ್ವಾಯೆಟ್ ಮ್ಯಾನ್'ಗೆ, ಇನ್ನೊಬ್ಬರ ಜೊತೆ ಹಂಚಿಕೊಂಡು. ಅದರ ಹೀರೋ ಕೂಡ ವೇಯ್ನ್. ಡೆಂಟನ್ ಪಾತ್ರ ಮಾಡಿದ ಜಾರ್ಜ್ ಹೇಯ್ಸ್ ಮುಂದೆ ಗಡ್ಡದ ಗ್ಯಾಬಿ ಹೇಯ್ಸ್ ಅಂತ ಮನೆಮಾತಾದರು. ಮಗಳಾಗಿ ನಟಿಸಿದ ಸಿಸಿಲಿಯಾ ಪಾರ್ಕರ್ ಆಂಡಿ ಹಾರ್ಡಿ ಅನ್ನುವ ಹುಡುಗನ ಚಿತ್ರಸರಣಿಯಲ್ಲಿ ಅವನ ಅಕ್ಕನಾದರು. ಒಂದು ವಾರದಲ್ಲಿ ಮುಗಿಸಿದ ಚಿತ್ರದಲ್ಲಿ ಎಷ್ಟು ಜನ ಸೇರಿದ್ದಾರೆ ನೋಡಿ.

ಆದರೆ ಒಂದನ್ನು ಮುಚ್ಚಿಡಬಾರದು. ಕುದುರೆಗಳು. ಓಡುವ ಕುದುರೆಯನ್ನು ಕ್ಯಾಮೆರಾ ಮುಂದೆ ಬೀಳಿಸಲು ಆಗ ಅದರ ಮುಂಗಾಲಿಗೆ ತಂತಿ ಕಟ್ಟಿ, ಹೊಟ್ಟೆಪಟ್ಟಿಯ ಬಳೆಯಿಂದ ತೂರಿಸಿ, ಇನ್ನೊಂದು ತುದಿಯನ್ನು ನೆಲದಲ್ಲಿ ಹೂತ ಗೂಟಕ್ಕೆ ಬಿಗಿಯುತ್ತಿದ್ದರು. ತಂತಿಯ ಉದ್ದ ಮುಗಿದ ಜಾಗದಲ್ಲಿ ಕುದುರೆ ಮುಗ್ಗರಿಸಿ ಬೀಳುತ್ತಿತ್ತು. ಎಷ್ಟೋ ಕುದುರೆಗಳ ಕಾಲು ಮುರೀತು, ಎಷ್ಟೋ ಸತ್ತವು. ಕನಟ್ ಕೂಡ ಈ ತಂತ್ರ ಬಳಸಿದವರೇ. 1939ರ 'ಜೆಸ್ಸಿ ಜೇಮ್ಸ್'ಗಾಗಿ ಕುದುರೆಯನ್ನು ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿದಾಗ ಅದು ಸತ್ತು, ಜನ ಎದ್ದು ನಿಂತರು. ಅದಾದ ಮೇಲೆ 1940ರಿಂದ ಚಿತ್ರೀಕರಣದ ಜಾಗದಲ್ಲಿ ಪ್ರಾಣಿ ದಯಾ ಸಂಘದವರು ಕಣ್ಣಿಡಲು ಶುರು ಮಾಡಿದರು. ಹಳೇ ವೆಸ್ಟರ್ನ್ ನೋಡುವಾಗ ಕುದುರೆ ತಲೆಕೆಳಗಾಗಿ ಬಿದ್ದರೆ ನನಗೆ ಈಗ ಚಪ್ಪಾಳೆ ಬರೋದಿಲ್ಲ, ಅದು ಮತ್ತೆ ಎದ್ದಿತಾ ಅಂತ ನೋಡ್ತೀನಿ.

ಕೊನೆ ಕಾಲುವೆ:

ಎಲ್ಲರೂ ಹಾಡು, ಫೈಟು ಅಂತ ಹೇಳಿದ್ರಿ. ನನ್ನನ್ನು ಹಿಡಿದು ಕೂರಿಸಿದ್ದು ನೀರು. ನಮ್ಮ ಗದ್ದೆ ನಾಲೆಯ ಕೊನೆಯಲ್ಲಿ ಇರೋದು, ನೀರು ಯಾರ ಕೈಲಿದೆ ಅನ್ನೋದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈಗ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿದ್ದೀನಿ, ನ್ಯೂಹಾಲ್ ಇದರದ್ದೇ ಭಾಗ. ಲೋನ್ ಸ್ಟಾರ್ ಚಿತ್ರಗಳ ಬಹಳಷ್ಟು ಚಿತ್ರೀಕರಣ ಈ ಸುತ್ತಮುತ್ತಲೇ ಆದದ್ದು. ಮೊನೊಗ್ರಾಮ್‌ನ ಟ್ರೆಮ್ ಕಾರ್ ಇಲ್ಲಿ ವೆಸ್ಟರ್ನ್ ಬೀದಿಯ ಸೆಟ್ ಹಾಕಿಸಿದ್ದರು. 1936ರಲ್ಲಿ ಆ ಕಟ್ಟಡಗಳನ್ನು ಹತ್ತಿರದ ಇನ್ನೊಂದು ಜಾಗಕ್ಕೆ ಸಾಗಿಸಿದರು. ಮುಂದೆ ಆ ಜಾಗವನ್ನು ಜೀನ್ ಆಟ್ರಿ ಕೊಂಡರು, 1962ರ ಬೆಂಕಿಯಲ್ಲಿ ಹೆಚ್ಚಿನದೆಲ್ಲ ಸುಟ್ಟು ಹೋಯ್ತು.

ನಾನು ಹೇಳಬೇಕು ಅಂದುಕೊಂಡದ್ದು ಬೇರೆ. ಈ ಕಥೆ ಯಾರೋ ಮೇಜಿನ ಮುಂದೆ ಕೂತು ಸುಮ್ನೆ ಹುಟ್ಟಿಸಿದ್ದಲ್ಲ ಅನ್ನಿಸುತ್ತೆ ನನಗೆ. ಲಾಸ್ ಏಂಜಲೀಸ್ ಊರು ಬೆಳೆಯುತ್ತಾ ಹೋದಾಗ ನೀರು ಸಾಲದೆ, ಉತ್ತರದ ಓವೆನ್ಸ್ ಕಣಿವೆಯಿಂದ 233 ಮೈಲಿ ಉದ್ದದ ಕಾಲುವೆ ತಂದರು. 1913ರಲ್ಲಿ ನೀರು ಬಂತು. ಅದಕ್ಕಾಗಿ ಆ ಕಣಿವೆಯ ಜಮೀನನ್ನೂ ನೀರಿನ ಹಕ್ಕನ್ನೂ ನಗರದ ಪರವಾಗಿ ಕೊಂಡರು. ಎಷ್ಟೋ ಜನರಿಗೆ ಕೊಳ್ಳುತ್ತಿರುವವರು ಯಾರು, ಯಾಕೆ ಅಂತಲೇ ಗೊತ್ತಿರಲಿಲ್ಲ. ಓವೆನ್ಸ್ ಕೆರೆ ಒಣಗಿ ಹೋಯ್ತು. 1924ರಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿಯ ಜನ ಲೋನ್ ಪೈನ್ ಹತ್ತಿರದ ಅಲಬಾಮಾ ಗೇಟ್ಸ್ ಅನ್ನುವ ತೂಬನ್ನು ಹಿಡಿದುಕೊಂಡು, ನಾಲ್ಕು ದಿನ ನೀರನ್ನು ಮತ್ತೆ ತಮ್ಮ ಕಣಿವೆಗೆ ಬಿಟ್ಟರು. ಹೆಂಗಸರು ಮಕ್ಕಳು ಅಡುಗೆ ಮಾಡಿಕೊಂಡು ಅಲ್ಲೇ ಕೂತರು. ಆಗ ಪಕ್ಕದಲ್ಲೇ ವೆಸ್ಟರ್ನ್ ಚಿತ್ರ ತೆಗೆಯುತ್ತಿದ್ದ ಟಾಮ್ ಮಿಕ್ಸ್, ಆ ಕಾಲದ ದೊಡ್ಡ ಸ್ಟಾರ್, ಕೂತವರಿಗೆ ಸಂಗೀತ ಕೇಳಿಸಲು ತನ್ನ ವಾದ್ಯದವರನ್ನು ಕಳಿಸಿದರು. ಇದು ನಡೆದದ್ದು, ಕಥೆಯಲ್ಲ.

ಇನ್ನೂ ಹತ್ತಿರದ್ದು ಒಂದಿದೆ. ಅದೇ ಕಾಲುವೆಯ ನೀರು ಕೂಡಿಡಲು ಇಲ್ಲಿನ ಸಾನ್ ಫ್ರಾನ್ಸಿಸ್ಕಿಟೋ ಕಣಿವೆಯಲ್ಲಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಕಟ್ಟಿದ್ದರು. ಕಾಲುವೆ ತಂದ ವಿಲಿಯಂ ಮುಲ್‌ಹಾಲೆಂಡ್ ಅವರೇ ಇದನ್ನೂ ಕಟ್ಟಿಸಿದ್ದು. 1928ರ ಮಾರ್ಚ್ 12ರಂದು ಸೋರುತ್ತಿದೆ ಅಂತ ಸುದ್ದಿ ಬಂದು, ಅವರೇ ಬಂದು ನೋಡಿ ಏನೂ ತೊಂದರೆ ಇಲ್ಲ ಅಂತ ಹೇಳಿ ಹೋದರು. ಅದೇ ದಿನ ರಾತ್ರಿ 12ಕ್ಕೆ ಮೂರು ನಿಮಿಷ ಇರುವಾಗ ಒಡೀತು. ನೀರು ಕಣಿವೆ ಇಳಿದು, ಫಿಲ್‌ಮೋರ್, ಸಾಂಟಾ ಪೌಲಾ ಊರುಗಳನ್ನು ದಾಟಿ ಸಮುದ್ರದವರೆಗೆ ಹೋಯ್ತು. ಸತ್ತವರು 400ಕ್ಕಿಂತ ಜಾಸ್ತಿ. ಹೆಣಗಳನ್ನು ನ್ಯೂಹಾಲ್‌ಗೂ ತಂದು ಸಾಲಾಗಿ ಮಲಗಿಸಿದರು. ಮೂಕಿ ಕಾಲದ ವೆಸ್ಟರ್ನ್ ಹೀರೋ ಹ್ಯಾರಿ ಕೇರಿ ಆ ಕಣಿವೆಯಲ್ಲಿ ನಡೆಸುತ್ತಿದ್ದ ಅಂಗಡಿ ಕೊಚ್ಚಿ ಹೋಯ್ತು.

ಇದಾಗಿ ಐದೂವರೆ ವರ್ಷಕ್ಕೆ 'ರೈಡರ್ಸ್ ಆಫ್ ಡೆಸ್ಟಿನಿ' ಬಂತು. ಒಬ್ಬ ನೀರನ್ನು ಹಿಡಿದಿಡ್ತಾನೆ, ಡೈನಮೈಟ್ ಸಿಡಿಯುತ್ತೆ, ನೀರು ಕಣಿವೆಗೆ ನುಗ್ಗುತ್ತೆ, ಹಿಡಿದಿಟ್ಟವನೇ ಅದರಲ್ಲಿ ಮುಳುಗ್ತಾನೆ. ಚಿತ್ರ ತೆಗೆದವರಿಗೆ ಇದೆಲ್ಲ ನೆನಪಿರಲಿಲ್ಲ ಅಂತ ನನ್ನ ಕೈಲಿ ನಂಬೋಕೆ ಆಗಲ್ಲ. ನೋಡಿದವರಿಗಂತೂ ನೆನಪಿದ್ದೇ ಇರುತ್ತೆ.

ಹೋದ ಚಳಿಗಾಲ ಅಣೆಕಟ್ಟಿದ್ದ ಜಾಗಕ್ಕೆ ನಡೆದುಕೊಂಡು ಹೋಗಿದ್ದೆ. ಒಡೆದಾಗ ನಡುವಿನ ಒಂದು ತುಂಡು ಮಾತ್ರ ನಿಂತೇ ಉಳಿದಿತ್ತಂತೆ, ಜನ ಅದನ್ನು ಸಮಾಧಿ ಕಲ್ಲು ಅಂತ ಕರೆಯುತ್ತಿದ್ದರು. ಮರುವರ್ಷ ಅದನ್ನೂ ಸಿಡಿಸಿ ಬೀಳಿಸಿದರು. ಈಗ ಪೊದೆಗಳ ನಡುವೆ ಕಾಂಕ್ರೀಟ್ ಚೂರುಗಳು ಬಿದ್ದಿವೆ, ಕೆಲವು ಮನೆಯಷ್ಟು ದೊಡ್ಡವು. 2019ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕ ಮಾಡಿದ್ದಾರೆ. ಕಣಿವೆ ಬಹಳ ಸದ್ದಿಲ್ಲದ ಜಾಗ. ಮೈಕ್ ಸರ್ ಹೇಳಿದ ಮೌನ ಅಲ್ಲಿ ನಿಂತಾಗ ಕೇಳುತ್ತೆ.

ಹಳೇ ರೀಲು:

ಕೊನೆ ಕಾಲುವೆ ಅವರೇ, ಈ ಚಿತ್ರವನ್ನು ಇಪ್ಪತ್ತು ಸಲ ನೋಡಿದ್ದೀನಿ, ಇದು ನನಗೆ ಹೊಳೆದೇ ಇರಲಿಲ್ಲ. ಬರೆದಿದ್ದಕ್ಕೆ ಧನ್ಯವಾದ.

ಭಾನುವಾರದ ಪ್ರೇಕ್ಷಕರಿಗೆ: ಮುಂದಿನ ವಾರಕ್ಕೆ 'ರ‍್ಯಾಂಡಿ ರೈಡ್ಸ್ ಅಲೋನ್' ನೋಡಿ, 1934ರದ್ದು. ಶುರುವಿನಲ್ಲೇ ವೇಯ್ನ್ ಒಂದು ಸಲೂನಿಗೆ ಬರ್ತಾನೆ, ಒಳಗಿಂದ ಪಿಯಾನೋ ಕೇಳ್ತಾ ಇರುತ್ತೆ. ಬಾಗಿಲು ತೆಗೆದರೆ ಎಲ್ಲರೂ ಸತ್ತು ಬಿದ್ದಿದ್ದಾರೆ, ತಾನಾಗೇ ನುಡಿಯುವ ಪಿಯಾನೋ ಒಂದು ಮಾತ್ರ ನುಡಿಯುತ್ತಾ ಇದೆ. ಹಿನ್ನೆಲೆ ಸಂಗೀತಕ್ಕೆ ದುಡ್ಡಿಲ್ಲದವರು ಸಂಗೀತವನ್ನು ಎಷ್ಟು ಚೆನ್ನಾಗಿ ಬಳಸಿದ್ದಾರೆ ಅಂತ ಅಲ್ಲಿ ಕಾಣುತ್ತೆ. ಗ್ಯಾಬಿ ಹೇಯ್ಸ್ ಇದರಲ್ಲಿ ವಿಲನ್, ಅದೂ ಮೂಗನ ವೇಷದಲ್ಲಿ. ಮಾತಾಡದೆ ಚೀಟಿ ಬರೆದು ತೋರಿಸ್ತಾನೆ. ಮಾತಿನ ಚಿತ್ರ ಬಂದು ಆರೇಳು ವರ್ಷಕ್ಕೆ ಹೀಗೊಂದು ಪಾತ್ರ. ಆಮೇಲೆ 'ದ ಟ್ರೇಲ್ ಬಿಯಾಂಡ್', ಅದು ಕಾಡು, ನದಿ, ದೋಣಿ. ಬಯಲು ನೋಡಿ ನೋಡಿ ಸಾಕಾದವರಿಗೆ ಕಣ್ಣಿಗೆ ತಂಪು.

ಪ್ರಿಂಟ್ ಆರಿಸುವಾಗ ಜೋಪಾನ. ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ 28 ವರ್ಷಕ್ಕೆ, ಆಮೇಲೆ ಮತ್ತೆ ಅರ್ಜಿ ಹಾಕಿ ಮುಂದುವರಿಸಬೇಕಿತ್ತು. ಈ ಚಿತ್ರಕ್ಕೆ ಯಾರೂ ಹಾಕಲಿಲ್ಲ. ಹಾಗಾಗಿ ಯಾರು ಬೇಕಾದರೂ ಮಾರಬಹುದು, ಏನು ಬೇಕಾದರೂ ಸೇರಿಸಬಹುದು. 1980ರ ದಶಕದಲ್ಲಿ ಈ ಸರಣಿಗೆ ಸಿಂಥಸೈಜರ್ ಸಂಗೀತ ಸೇರಿಸಿ ವಿಡಿಯೋ ಮಾಡಿದ್ದಾರೆ, ಬಣ್ಣ ಹಾಕಿದ ಪ್ರತಿಗಳೂ ಇವೆ. ಕುದುರೆ ಓಡುವಾಗ ಕೀಬೋರ್ಡ್ ಕೇಳಿಸಿದರೆ ಅದನ್ನು ಬಿಟ್ಟು ಬೇರೆ ಹುಡುಕಿ. ಅಪ್ಪನವರಿಗೆ ಸೌಂಡ್ ಹೋಗಿದೆ ಅನ್ನಿಸಿತಲ್ಲ, ನಿಮಗೆ ಸಿಕ್ಕದ್ದು ಸರಿಯಾದ ಪ್ರತಿಯೇ.

ಭಾನುವಾರದ ಪ್ರೇಕ್ಷಕ:

ಈ ಭಾನುವಾರ ಹೊಸದು ಹಾಕೋಣ ಅಂದೆ. ಅಪ್ಪ ಬೇಡ ಅಂದ್ರು, ಮೊದಲು ಅದನ್ನೇ ಇನ್ನೊಂದು ಸಲ ಹಾಕು ಅಂದ್ರು. ಕೊನೆ ಕಾಲುವೆ ಅವರು ಬರೆದದ್ದನ್ನು ಮೊದಲೇ ಓದಿ ಹೇಳಿದ್ದೆ. ಬಾವಿ ಸಿಡಿದು ನೀರು ಹಳ್ಳಕ್ಕೆ ಇಳಿಯುವ ಜಾಗ ಬಂದಾಗ ನಿಲ್ಲಿಸೋಕೆ ಹೇಳಿ, ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಅಪ್ಪ ಚಿಕ್ಕವರಿದ್ದಾಗ ಅಜ್ಜ ಬಾವಿ ತೋಡಿಸಿದ್ದು, ನಲವತ್ತು ಅಡಿಗೆ ಬಂಡೆ ಸಿಕ್ಕಿ ಮದ್ದು ಇಟ್ಟು ಸಿಡಿಸಿದ್ದು, ಮಾರನೇ ದಿನ ಬೆಳಿಗ್ಗೆ ತಳದಲ್ಲಿ ಮೊಣಕಾಲುದ್ದ ನೀರು ನಿಂತಿದ್ದನ್ನು ಊರಿನವರೆಲ್ಲ ಬಗ್ಗಿ ನೋಡಿದ್ದು, ಎಲ್ಲ ಹೇಳಿದರು. ನಾನು ಇದನ್ನು ಮೊದಲು ಕೇಳೇ ಇರಲಿಲ್ಲ.

'ರ‍್ಯಾಂಡಿ' ಮುಂದಿನ ವಾರ. ಪಿಯಾನೋ ದೃಶ್ಯದ ಬಗ್ಗೆ ಅಪ್ಪನಿಗೆ ಏನೂ ಹೇಳಿಲ್ಲ.